1,870 ಕಿ.ಮೀ. ನಡೆದಾದ್ಮೇಲೆ ಒಂದು ಶೂ ರಿವ್ಯೂ (ಗಾಡಿ ಮೂಲೇಲಿ ನಿಂತಿದೆ)

ಮೊದ್ಲೇ ಹೇಳ್ಬಿಡ್ತೀನಿ, ಇದು ಬಾಕ್ಸ್ ಓಪನ್ ಮಾಡಿ ಎರಡು ಫೋಟೋ ಹಾಕಿ "ಸೂಪರ್ ಪ್ರಾಡಕ್ಟ್, ಡೆಲಿವರಿ ಫಾಸ್ಟ್" ಅಂತ ಬರೆಯೋ ಥರದ ರಿವ್ಯೂ ಅಲ್ಲ. ಶೂ ತಗೊಂಡಿದ್ದು 2024ರ ಜೂನ್‌ನಲ್ಲಿ, ಈಗ 2025ರ ದಸರಾನೂ ಮುಗೀತು. ಈ ಹದಿನಾರು ತಿಂಗಳಲ್ಲಿ ಎಷ್ಟು ನಡೆದೆ ಅನ್ನೋದನ್ನ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಪೆನ್ಸಿಲಲ್ಲಿ ಬರ್ಕೊಂಡು ಬಂದಿದೀನಿ, ಮೊನ್ನೆ ಕೂಡಿಸಿ ನೋಡಿದ್ರೆ 1,870 ಕಿ.ಮೀ. ಆಗಿದೆ. ನಮ್ಮನೆಯವ್ರು ನಂಬ್ಲಿಲ್ಲ, ಇನ್ನೊಂದ್ಸಲ ಅವರೇ ಕೂಡಿಸಿ 1,872 ಅಂದ್ರು, ಇರ್ಲಿ, ನಾನು ನನ್ನ ಲೆಕ್ಕಾನೇ ಇಟ್ಕೊಂಡಿದೀನಿ.

ಬ್ರ್ಯಾಂಡ್ ಹೆಸರು ಬರೀತಿಲ್ಲ. ಕಾರಣ ಇಷ್ಟೇ, ಈ ಮಾಡೆಲ್ ಈಗ ಸಿಗ್ತಿಲ್ಲ, ಹೆಸರು ಹೇಳಿದ್ರೆ ನೀವು ಅದೇ ಕಂಪನಿಯ ಬೇರೆ ಯಾವ್ದೋ ಶೂ ತಗೊಂಡು ಕಾಲು ಕಚ್ಚಿಸ್ಕೊಂಡು ನನ್ನ ಬೈತೀರ. ಬಾಕ್ಸ್ ಮೇಲೆ 2,799 ಇತ್ತು, ಡಿಸ್ಕೌಂಟ್ ಎಲ್ಲಾ ಹೋಗಿ 2,240 ರೂಪಾಯಿ ಕೊಟ್ಟೆ. ಬೂದಿ ಬಣ್ಣ, ಮೇಲ್ಗಡೆ ಜಾಳು ಜಾಳು ಬಟ್ಟೆ, ಕೆಳಗಡೆ ಇವಿಎ ಅನ್ನೋ ಮೆತ್ತನೆ ಫೋಮು, ಅದರ ಕೆಳಗೆ ರಬ್ಬರ್ ಸೋಲು. ನೋಡೋಕೆ ಏನೂ ವಿಶೇಷ ಇಲ್ಲ, ಅದೇ ಅದರ ಮೊದಲ ಪ್ಲಸ್ ಪಾಯಿಂಟು, ಚೂಡಿದಾರಕ್ಕೂ ಹಾಕ್ಬೋದು, ಸೀರೆ ಉಟ್ಟ ದಿನಾನೂ ನೆರಿಗೆ ಅಡೀಲಿ ಯಾರಿಗೂ ಕಾಣ್ಸಲ್ಲ.

ನಾನು ನಡೆಯೋಕೆ ಶುರು ಮಾಡಿದ್ದು ಆರೋಗ್ಯಕ್ಕೂ ಅಲ್ಲ, ಪರಿಸರಕ್ಕೂ ಅಲ್ಲ, ದೇವರಾಣೆ. ನನ್ನ ಗಾಡಿ ಗ್ಯಾರೇಜಿಗೆ ಹೋಯ್ತು, "ನಾಡಿದ್ದು ಬನ್ನಿ ಮೇಡಂ" ಅಂದವ್ರು ಹನ್ನೊಂದು ದಿನ ನಾಡಿದ್ದು ನಾಡಿದ್ದು ಅಂತಲೇ ಇದ್ರು. ಮನೆ ಮೈಸೂರಿನ ಕುವೆಂಪುನಗರ, ಕೆಲಸ ದೇವರಾಜ ಅರಸು ರಸ್ತೆ ಹತ್ರ ಒಂದು ಆಡಿಟರ್ ಆಫೀಸಲ್ಲಿ, ನಡೆದ್ರೆ ಒಂದು ಕಡೆಗೆ ಸುಮಾರು ನಾಲ್ಕೂವರೆ ಕಿ.ಮೀ. ಮೊದಲ ಎರಡು ದಿನ ಆಟೋ, ಮೂರನೇ ದಿನ ಆಟೋದವ್ನ ಹತ್ರ ಜಗಳ ಆಯ್ತು, ನಾಲ್ಕನೇ ದಿನ ಸಿಟ್ಟಲ್ಲಿ ನಡೆದೇಬಿಟ್ಟೆ, ಅದೂ ಚಪ್ಪಲೀಲಿ. ಐವತ್ತೈದು ನಿಮಿಷ ಆಯ್ತು. ಗಾಡೀಲಿ ಹದಿನೈದಿಪ್ಪತ್ತು ನಿಮಿಷ, ಸರಿ, ಆದ್ರೆ ಅರಸು ರಸ್ತೆ ಕಡೆ ಪಾರ್ಕಿಂಗ್ ಹುಡುಕೋಕೆ ಸುತ್ತೋ ಹತ್ತು ನಿಮಿಷಾನ ನಾವ್ಯಾರೂ ಲೆಕ್ಕಕ್ಕೇ ತಗೊಳಲ್ವಲ್ಲ. ಹಾಗೆ ನೋಡಿದ್ರೆ ನಾನು ಕಳ್ಕೊಳ್ಳೋದು ಅರ್ಧ ಗಂಟೆಗಿಂತ ಕಮ್ಮಿ, ಆ ಅರ್ಧ ಗಂಟೆ ಮನೇಲಿದ್ರೆ ಫೋನ್ ನೋಡ್ಕೊಂಡು ಕೂತಿರ್ತಿದ್ದೆ.

ಹನ್ನೊಂದು ದಿನ ಆದ್ಮೇಲೆ ಗಾಡಿ ಬಂತು, ನಾನು ಗಾಡಿಗೆ ವಾಪಸ್ ಹೋಗ್ಲಿಲ್ಲ. ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ. ಈಗ ಅನ್ಸೋದು, ಗಾಡೀಲಿ ಹೋಗುವಾಗ ಆಫೀಸ್ ತಲುಪೋ ಹೊತ್ತಿಗೆ ಯಾರ್ಯಾರನ್ನೋ ಮನಸ್ಸಲ್ಲೇ ಬೈದು ಬೈದು ಸುಸ್ತಾಗಿರ್ತಿದ್ದೆ, ನಡ್ಕೊಂಡು ಹೋದ ದಿನ ಬೈಗುಳ ಸ್ಟಾಕ್ ಹಾಗೇ ಉಳೀತಿತ್ತು, ಕ್ಲೈಂಟ್‌ಗಳಿಗೆ ಉಪಯೋಗಕ್ಕೆ ಬರ್ತಿತ್ತು.

ಸರಿ ಶೂಗೆ ಬರ್ತೀನಿ.

ಈ ಶೂಗಿಂತ ಮುಂಚೆ ಒಂದು ದುರಂತ ಇದೆ. ನನ್ನ ಹತ್ರ ಆಲ್ರೆಡಿ ಒಂದು ಜೊತೆ ಶೂ ಇತ್ತು, ಮೂರು ವರ್ಷದ ಹಿಂದೆ ತಗೊಂಡು "ಒಳ್ಳೇ ಶೂ, ಸುಮ್ನೆ ಯಾಕೆ ಹಾಳು ಮಾಡೋದು" ಅಂತ ಬಾಕ್ಸಲ್ಲಿ ಪೇಪರ್ ಸುತ್ತಿ ಮಂಚದಡೀಲಿ ಇಟ್ಟಿದ್ದೆ, ಒಂದೇ ಒಂದು ಮದುವೆಗೋ ಏನಕ್ಕೋ ಹಾಕಿರ್ಬೋದು. ಅದನ್ನ ಹಾಕ್ಕೊಂಡು ಹೊರಟೆ. ಬಲ್ಲಾಳ್ ಸರ್ಕಲ್ ಬರೋದ್ರೊಳಗೆ ಏನೋ ಕಾಲು ಕೆಳಗೆ ಪುಡಿ ಪುಡಿ ಆಗ್ತಿದೆ ಅನ್ನಿಸ್ತು, ತಿರುಗಿ ನೋಡಿದ್ರೆ ರಸ್ತೆ ಮೇಲೆ ನನ್ನ ಹಿಂದೆ ಕಪ್ಪು ಚೂರು ಸಾಲಾಗಿ ಬಿದ್ದಿದೆ, ಅಟ್ಟದಲ್ಲಿ ಮರೆತ ಮೈಸೂರ್ ಪಾಕ್ ಥರ ಸೋಲು ಉದುರ್ತಾ ಇದೆ. ಅದು ಪಿಯು ಸೋಲಂತೆ, ಪಾಲಿಯುರಿಥೇನ್, ಗಾಳೀಲಿರೋ ತೇವಕ್ಕೆ ಒಳಗಿಂದ್ಲೇ ಮುರ್ಕೊಂಡು ಹೋಗತ್ತೆ, ಅದೂ ಹಾಕ್ದೇ ಸುಮ್ನೆ ಇಟ್ರೆ ಈ ಗತಿ ಜಾಸ್ತಿ. ಹಾಕ್ಕೊಂಡು ಓಡಾಡಿದ್ರೆ ಇನ್ನೂ ಬಾಳಿಕೆ ಬರ್ತಿತ್ತೇನೋ. ಜೋಪಾನ ಮಾಡಿದ್ದಕ್ಕೇ ಹಾಳಾದ ವಸ್ತು ಅಂತ ನಾನು ನೋಡಿದ್ದು ಇದೊಂದೇ. ನಿಮ್ಮನೇಲೂ ಮಂಚದಡಿ ಇಂಥ ಬಾಕ್ಸ್ ಇದ್ರೆ ದಯವಿಟ್ಟು ಇವತ್ತೇ ತೆಗೆದು ಸೋಲನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ.

ಆಮೇಲೆ ಅಂಗಡಿಗೆ ಹೋದೆ. ಅಂಗಡಿ ಹೆಸರೂ ಬೇಡ ಬಿಡಿ. ಹೆಂಗಸರ ಸೆಕ್ಷನ್ ಅಂದ್ರೆ ಗೋಡೇಲಿ ಒಂದು ಮೂಲೆ, ಎಲ್ಲಾ ಗುಲಾಬಿ, ನೇರಳೆ, ಸೋಲು ಚಪಾತಿ ಥರ ತೆಳ್ಳಗೆ, ಮುಂದ್ಗಡೆ ಚೂಪು. ನಮ್ಮ ಕಾಲು ಚೂಪಾಗಿದೆ ಅಂತ ಇವ್ರಿಗೆ ಯಾರು ಹೇಳಿದ್ರೋ. ನನ್ನ ಪಾದ ಅಗಲ, ನಮ್ಮಜ್ಜಿ ಕಡೆಯಿಂದ ಬಂದಿದ್ದು, 6 ಹಾಕಿದ್ರೆ ಕಿರುಬೆರಳು ಹಿಂಡತ್ತೆ, 7 ಹಾಕಿದ್ರೆ ಹಿಮ್ಮಡಿ ಜಾರತ್ತೆ. ಹುಡುಗ "ಹಾಕ್ತಾ ಹಾಕ್ತಾ ಲೂಸ್ ಆಗತ್ತೆ ಮೇಡಂ" ಅಂದ. ಈ ಮಾತು ನಂಬ್ಬೇಡಿ. ಲೆದರ್ ಚಪ್ಪಲಿ ಆದ್ರೆ ನಿಜ. ನಾದಿನಿ ಕೊಟ್ಟಿರೋ ಮನೆ ಚಿಕ್ಕೋಡಿ ಕಡೆ, ಅಲ್ಲಿಂದ ಅಥಣಿಯ ಚಪ್ಪಲಿ ತಂದ್ಕೊಡ್ತಾಳೆ, ಕೊಲ್ಹಾಪುರಿ ಅಂತ ಮಾರೋದು, ಆದ್ರೆ 2019ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಇದು ಇಂಥ ಕಡೇದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಾಗ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕು ಜಿಲ್ಲೆನೂ ಸೇರಿತ್ತು, ಅದು ಮೊದಲ ವಾರ ಕಚ್ಚಿ ರಕ್ತ ಬರ್ಸತ್ತೆ, ಎಣ್ಣೆ ಸವರಿ ಸವರಿ ಹಾಕಿದ್ರೆ ಆಮೇಲೆ ಕಾಲಿಗೆ ಅಂಟ್ಕೊಂಡಂಗೆ ಕೂರತ್ತೆ. ಈ ಬಟ್ಟೆ, ಫೋಮಿನ ಶೂ ಹಾಗಲ್ಲ, ಅಂಗಡೀಲಿ ಬಿಗಿ ಇದ್ರೆ ರಸ್ತೇಲಿ ಇನ್ನೂ ಬಿಗಿ, ಯಾಕಂದ್ರೆ ನಡೆದಷ್ಟೂ ಕಾಲು ಊದ್ಕೊಳತ್ತೆ.

ಪಕ್ಕದಲ್ಲಿ ಗಂಡಸರ ರ‍್ಯಾಕಲ್ಲಿ 6 ಕೊಡಪ್ಪ ಅಂದೆ. ಹುಡುಗ ಒಂದು ಕ್ಷಣ ನನ್ನ ನೋಡಿದ, ಆಮೇಲೆ ತಂದ. ಕಾಲು ಹಾಕಿದ ತಕ್ಷಣ ಐದೂ ಬೆರಳು ಅಗಲ ಆಗಿ ಕೂತ್ಕೊಂಡ್ವು, ಬಸ್ಸಲ್ಲಿ ಮೂರು ಜನದ ಸೀಟಲ್ಲಿ ನಾಲ್ಕನೆಯವ್ರು ಇಳಿದು ಹೋದಾಗ ಆಗತ್ತಲ್ಲ ಹಾಗೆ. ಅದೇ ಈ ಶೂ.

ಕೊಳ್ಳೋರಿಗೆ ಎರಡು ಮಾತು. ಸಂಜೆ ಹೊತ್ತು ಹೋಗಿ, ಬೆಳಿಗ್ಗೆ ಹೋದ್ರೆ ಕಾಲು ಸಣ್ಣಕ್ಕಿರತ್ತೆ. ಎರಡೂ ಕಾಲಿಗೆ ಹಾಕಿ ನೋಡಿ, ಸುಮಾರು ಜನಕ್ಕೆ ಒಂದು ಕಾಲು ಚೂರು ದೊಡ್ಡದಿರತ್ತೆ, ದೊಡ್ಡ ಕಾಲಿಗೆ ಸರಿಹೋಗೋದನ್ನೇ ತಗೊಳಿ. ಹೆಬ್ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರ್ಲಿ, ಇದು ಯಾಕೆ ಅಂತ ಮುಂದೆ ಚಾರ್ಮಾಡಿ ಘಾಟಿ ಕಥೇಲಿ ಬರತ್ತೆ.

ದಿನಾ ನಡೆಯೋ ದಾರಿ ಹೇಳ್ಬೇಕು, ಯಾಕಂದ್ರೆ ಶೂನ ಟೆಸ್ಟ್ ಮಾಡಿದ್ದು ಆ ದಾರಿ. ವಿಶ್ವಮಾನವ ಜೋಡಿ ರಸ್ತೆಯಿಂದ ಹೊರಟು, ಬಲ್ಲಾಳ್ ಸರ್ಕಲ್, ಚಾಮರಾಜಪುರಂ ರೈಲ್ವೆ ಸ್ಟೇಷನ್ ಪಕ್ಕ, ಅಲ್ಲಿಂದ ರಾಮಸ್ವಾಮಿ ಸರ್ಕಲ್, ಆಮೇಲೆ ಅರಸು ರಸ್ತೆ ಕಡೆ. ಇಪ್ಪತ್ತು ವರ್ಷ ಆ ರಾಮಸ್ವಾಮಿ ಸರ್ಕಲ್‌ನ ಗಾಡೀಲಿ ಸುತ್ತಿದೀನಿ, ರಾಮಸ್ವಾಮಿ ಯಾರು ಅಂತ ಒಂದಿನಾನೂ ಕೇಳ್ಕೊಂಡಿರ್ಲಿಲ್ಲ. ನಡೆಯೋಕೆ ಶುರು ಮಾಡಿದ್ಮೇಲೆ ಒಂದಿನ ರಸ್ತೆ ದಾಟೋಕೆ ನಿಂತಾಗ ಪಕ್ಕದಲ್ಲಿದ್ದ ತಾತನ್ನ ಕೇಳಿದೆ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದಾಗಿದೆ, ಮೈಸೂರು ಸಂಸ್ಥಾನ ಇನ್ನೂ ಜವಾಬ್ದಾರಿ ಸರ್ಕಾರ ಕೊಟ್ಟಿಲ್ಲ, ಮೈಸೂರು ಚಲೋ ಚಳವಳೀಲಿ ಗುಂಡೇಟಿಗೆ ಸತ್ತ ಸ್ಕೂಲ್ ಹುಡುಗ ಅದು. ತಾತ ಅಲ್ಲೇ ನಿಂತು ಕೈ ತೋರಿಸಿ ತೋರಿಸಿ ಹೇಳಿದ್ರು, ನಾನು ಆವತ್ತು ಆಫೀಸಿಗೆ ಲೇಟು.

ನನ್ನ ಫೇವರಿಟ್ ಭಾಗ ಆದ್ರೆ ಕನ್ಸರ್ವೆನ್ಸಿ ಗಲ್ಲಿಗಳು. ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆ ಸಾಲಿನ ಹಿಂದ್ಗಡೆ ಒಂದು ಸಣ್ಣ ಗಲ್ಲಿ ಬಿಟ್ಟಿರ್ತಾರಲ್ಲ, ಅದು. 1890ರ ದಶಕದ ಕೊನೇಲಿ ಪ್ಲೇಗ್ ಬಂದು ಊರು ಖಾಲಿ ಆದ್ಮೇಲೆ ಗಾಳಿ ಬೆಳಕು ಇರೋ ಹಾಗೆ ಬಡಾವಣೆ ಮಾಡ್ಬೇಕು ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ್ರು, ಈ ಗಲ್ಲಿಗಳೂ ಆ ಕಾಲದ ಯೋಚನೇದೇ, ಹಿಂದಿನಿಂದ ಬಂದು ಕಕ್ಕಸು ಕ್ಲೀನ್ ಮಾಡ್ಕೊಂಡು ಹೋಗೋರಿಗೆ ಅಂತ. ಯಾರನ್ನ ಹಿಂದಿನ ಗಲ್ಲೀಲಿ ಓಡಾಡಿಸ್ತಿದ್ರು ಅನ್ನೋದು ಯೋಚಿಸಿದ್ರೆ ಮನಸ್ಸಿಗೆ ಒಂಥರಾ ಆಗತ್ತೆ. ಈಗ ಅಲ್ಲಿ ಹೋದ್ರೆ ಮನೆಗಳ ಬೆನ್ನು ಕಾಣತ್ತೆ: ಒಗೆಯೋ ಕಲ್ಲು, ನುಗ್ಗೆ ಮರ, ಒಲೆ ಮೇಲೆ ಒಗ್ಗರಣೆ ಚಟಪಟ, ಯಾರೋ ಮಗಳಿಗೆ ಜಡೆ ಹಾಕ್ತಾ ಬೈತಿರೋದು. ಮುಂದಿನ ಗೇಟಿಗೆ ಗ್ರಾನೈಟು, ಹಿತ್ತಲಲ್ಲಿ ತುಕ್ಕು ಹಿಡಿದ ಹಂಡೆ. ಗಾಡಿ ಹೋಗಲ್ಲ ಅಂತಲ್ಲ, ಹೋಗತ್ತೆ, ಆದ್ರೆ ಗಾಡೀಲಿ ಯಾರೂ ಆ ಕಡೆ ತಿರುಗಲ್ಲ.

ಅಲ್ಲಿ ಶೂ ಹೇಗೆ ಅಂದ್ರೆ, ಒಣಗಿದ ದಿನ ಫಸ್ಟ್ ಕ್ಲಾಸು. ಇವಿಎ ಫೋಮು ಮೊದಲ 400-500 ಕಿ.ಮೀ. ಮೆತ್ತಗೆ ಇಡ್ಲಿ ಮೇಲೆ ಕಾಲಿಟ್ಟಂಗೆ ಇತ್ತು, ಆಮೇಲಾಮೇಲೆ ಚಪ್ಪಟೆ ಆಗ್ತಾ ಹೋಯ್ತು, 800 ಆದ್ಮೇಲೆ ಹಿಮ್ಮಡಿ ಹತ್ರ ಗಟ್ಟಿ ಅನ್ನಿಸೋಕೆ ಶುರು. ಓಡೋರು 500ರಿಂದ 800 ಕಿ.ಮೀ.ಗೆ ಶೂ ಬದಲಾಯಿಸ್ತಾರಂತೆ. ನಡೆಯೋರಿಗೆ ಅಷ್ಟು ಏಟು ಬೀಳಲ್ಲ, ಅಲ್ದೆ ನಾವು ಮಿಡ್ಲ್ ಕ್ಲಾಸು, ಒಳಗಿನ ಇನ್‌ಸೋಲ್ ಮಾತ್ರ 250 ರೂಪಾಯಿಗೆ ಬೇರೆ ತಂದು ಹಾಕಿದೆ, ಮತ್ತೆ 900 ಕಿ.ಮೀ. ಹೋಯ್ತು.

ಮಳೆ ಬಂದ್ರೆ ಕಥೆ ಬೇರೆ. ಫುಟ್‌ಪಾತಿಗೆ ಹಾಕ್ತಾರಲ್ಲ ಆ ನುಣ್ಣನೆ ಟೈಲ್ಸು, ಅದರ ಮೇಲೆ ನೀರು ಬಿದ್ರೆ ಈ ಸೋಲು ಗ್ರಿಪ್ ಕೊಡಲ್ಲ. ಎರಡ್ಸಲ ಜಾರಿದೀನಿ, ಒಂದ್ಸಲ ಪಾನಿಪುರಿ ಗಾಡಿ ಹಿಡ್ಕೊಂಡು ಬಚಾವ್. ಇದಕ್ಕೆ ಒಂದು ಸ್ಟಾರ್ ಕಟ್. ಟೈಲ್ಸ್ ಹಾಕಿದೋರಿಗೆ ಸ್ಟಾರ್ ಕೊಡೋ ವ್ಯವಸ್ಥೆ ಇಲ್ಲ, ಇದ್ದಿದ್ರೆ ಅದೂ ಕಟ್ ಮಾಡ್ತಿದ್ದೆ. ನೆನೆದ್ರೆ ಒಣಗೋಕೆ ಎರಡು ದಿನ ಬೇಕು. ಬಿಸಿಲಲ್ಲಿ ಇಡ್ಬೇಡಿ, ಅಂಟು ಬಿಡತ್ತೆ, ಇನ್‌ಸೋಲ್ ತೆಗೆದು ಒಳಗೆ ನ್ಯೂಸ್‌ಪೇಪರ್ ತುರುಕಿ ಫ್ಯಾನ್ ಕೆಳಗೆ ಇಡಿ, ಎರಡು ಗಂಟೆಗೊಂದ್ಸಲ ಪೇಪರ್ ಬದಲಾಯ್ಸಿ.

ಸಾಕ್ಸ್ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಕಾಟನ್ ಒಳ್ಳೇದು ಕಾಟನ್ ಒಳ್ಳೇದು ಅಂತ ಎಲ್ಲಾ ವಿಷಯದಲ್ಲೂ ಕೇಳಿ ಬೆಳೆದೋರು ನಾವು. ದೂರ ನಡೆಯೋಕೆ ಮಾತ್ರ ಪೂರ್ತಿ ಕಾಟನ್ ಸಾಕ್ಸ್ ಬೇಡ, ಬೆವರು ಕುಡಿದು ಹಾಗೇ ಒದ್ದೆ ಉಳ್ಕೊಳತ್ತೆ, ಒದ್ದೆ ಚರ್ಮ ಉಜ್ಜಿ ಉಜ್ಜಿ ಬೊಬ್ಬೆ ಬರತ್ತೆ. ನೈಲಾನ್, ಪಾಲಿಯೆಸ್ಟರ್ ಮಿಕ್ಸ್ ಇರೋದು ತಗೊಳಿ. ಬೆರಳ ಸಂದಿಗೆ ಚೂರು ವ್ಯಾಸಲೀನ್. ಮುಗೀತು.

ಇನ್ನು ಜನ. ಮೊದಲ ಎರಡು ತಿಂಗಳು ನಮ್ಮ ರಸ್ತೇಲಿ ಒಬ್ರಾದ್ಮೇಲೆ ಒಬ್ರು "ಗಾಡಿ ಕೆಟ್ಟೋಯ್ತಾ?" ಅಂತ ಕೇಳಿದ್ರು. ಇಲ್ಲ, ನಡೀತಿದೀನಿ ಅಂದ್ರೆ "ಶುಗರಾ?" ಅಂತ ಎರಡನೇ ಪ್ರಶ್ನೆ. ಅದೂ ಅಲ್ಲ ಅಂದ್ರೆ ಮುಖದಲ್ಲಿ ಒಂದು ಅನುಮಾನ, ಮನೇಲಿ ಏನಾದ್ರೂ ಕಷ್ಟ ಇರ್ಬೋದಾ ಅಂತ. ಪರಿಚಯದೋರು ಯಾರೇ ಗಾಡೀಲಿ ಬಂದ್ರೂ ಪಕ್ಕದಲ್ಲಿ ನಿಲ್ಲಿಸಿ "ಬನ್ನಿ ಬನ್ನಿ ಡ್ರಾಪ್ ಕೊಡ್ತೀನಿ", ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ, ಹಿಂದಿನವ್ರು ಹಾರ್ನ್ ಹೊಡೀತಾರೆ, ಆ ಗಲಾಟೆಗೆ ಹೆದರಿ ಎಷ್ಟೋ ದಿನ ಹತ್ತಿ ಮುಂದಿನ ಸರ್ಕಲ್‌ನಲ್ಲಿ "ಇಲ್ಲೇ ಸ್ವಲ್ಪ ಕೆಲಸ ಇದೆ" ಅಂತ ಇಳಿದು ಮತ್ತೆ ನಡೆದಿದೀನಿ. ನಮ್ಮಲ್ಲಿ ನಡೆಯೋದು ಅಂದ್ರೆ ಒಂದೋ ಗತಿ ಇಲ್ದೋರು, ಇಲ್ಲಾ ಡಾಕ್ಟರ್ ಹೇಳಿದೋರು, ಇಲ್ಲಾ ಹರಕೆ ಹೊತ್ತೋರು. ಸುಮ್ನೆ ನಡೆಯೋರಿಗೆ ಖಾನೆನೇ ಇಲ್ಲ.

ಸಂಜೆ ಎಲ್ಲಾ ದಿನ ನಡೆಯಲ್ಲ, ಸುಳ್ಳು ಯಾಕೆ. ಕತ್ತಲಾದ್ರೆ ಕೆಲವು ಕಡೆ ಬೀದಿ ದೀಪ ಇಲ್ಲ, ಒಂದು ತಿರುವಲ್ಲಿ ನಾಯಿಗಳ ಪಂಚಾಯ್ತಿ, ಹೆಂಗಸರು ಒಂಟಿಯಾಗಿ ಆ ಕಡೆ ಹೋಗೋದು ನಾನಂತೂ ರೆಕಮೆಂಡ್ ಮಾಡಲ್ಲ. ಶಕ್ತಿ ಯೋಜನೆ ಇದೆಯಲ್ಲ, 2023ರ ಜೂನ್‌ನಿಂದ ನಮಗೆ ಬಸ್ ಫ್ರೀ, ಸಾಕಾದ ಕಡೆ ಹತ್ತಿ ಜೀರೋ ಟಿಕೆಟ್ ತಗೊಂಡು ಕೂರೋದು. ದೂರ ನಡೆಯೋ ಧೈರ್ಯ ಬಂದಿದ್ದೇ ಆ ಜೀರೋ ಟಿಕೆಟ್‌ನಿಂದ ಅಂತ ನನಗನ್ಸತ್ತೆ. ಎಲ್ಲಿ ಬೇಕಾದ್ರೂ ನಿಲ್ಲಿಸ್ಬೋದು ಅಂತ ಗೊತ್ತಿದ್ರೆ ಕಾಲು ತಾನಾಗೇ ಮುಂದಕ್ಕೆ ಹೋಗತ್ತೆ. ನಡೆಯೋಕೆ ಮನಸ್ಸು ಗಟ್ಟಿ ಇರ್ಬೇಕು ಅಂತಾರಲ್ಲ, ನನ್ನ ಮನಸ್ಸು ಏನೂ ಗಟ್ಟಿ ಇಲ್ಲ. ಸರಿಯಾದ ಸೈಜು, ಒಣಗಿದ ಸಾಕ್ಸು, ಅರ್ಧ ದಾರೀಗಾದ್ರೂ ಮರದ ನೆರಳು, ಬೇಡ ಅನ್ಸಿದ್ರೆ ಒಂದು ಬಸ್ಸು, ಇಷ್ಟಿದ್ರೆ ನನ್ನಂಥ ಸೋಮಾರಿನೂ ನಡೀತಾಳೆ, ಇದರಲ್ಲಿ ಒಂದು ತಪ್ಪಿದ್ರೂ ಗಾಡಿ ಕೀ ಕೈಗೆ ಬರತ್ತೆ.

ಅಕ್ಕನ ಮಗಳು ವಾಚ್ ಕಟ್ಕೊಂಡು ದಿನಾ ಹತ್ತು ಸಾವಿರ ಹೆಜ್ಜೆ ಆಗ್ಲೇಬೇಕು ಅಂತ ರಾತ್ರಿ ಹತ್ತು ಗಂಟೆಗೆ ಮನೆ ಹಾಲ್‌ನಲ್ಲಿ ರೌಂಡ್ ಹೊಡೀತಾಳೆ. ಆ ಹತ್ತು ಸಾವಿರ ಡಾಕ್ಟರ್‌ಗಳು ಹೇಳಿದ್ದಲ್ಲ, 1965ರಲ್ಲಿ ಜಪಾನಲ್ಲಿ ಹೆಜ್ಜೆ ಎಣಿಸೋ ಮೆಷಿನ್ ಮಾರೋಕೆ ಇಟ್ಟ ಹೆಸರು, ಮಾನ್ಪೋಕೆ, ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರು ಅಂತ ಅರ್ಥ. ಅವಳಿಗೆ ಹೇಳಿದೆ, "ಚಿಕ್ಕಮ್ಮ ಡಿಮೋಟಿವೇಟ್ ಮಾಡ್ಬೇಡ" ಅಂದ್ಲು.

ಭಾನುವಾರಗಳು ಬೇರೆ. ಕುಕ್ಕರಹಳ್ಳಿ ಕೆರೆ ಸುತ್ತೋದು, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಮಾಡ್ಸಿದ ಕೆರೆ, ಮಣ್ಣಿನ ದಾರಿ, ಈ ಶೂಗೆ ಅದು ಸ್ವರ್ಗ. ಪೆಲಿಕನ್‌ಗಳು ಮರದ ಮೇಲೆ ಗೋಣಿಚೀಲ ಇಟ್ಟಂಗೆ ಕೂತಿರ್ತವೆ. ಕುವೆಂಪು ಓಡಾಡ್ತಿದ್ದ ದಾರಿ ಅಂತ ಪ್ರತಿ ವಾಕರ್ರೂ ಹೊಸಬ್ರಿಗೆ ಒಂದ್ಸಲ ಹೇಳ್ತಾರೆ, ನಾನೂ ಹೇಳ್ಬಿಟ್ಟೆ. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಮಾತ್ರ ಈ ಶೂ ಬೇಡ. ಸಾವಿರ ಚಿಲ್ಲರೆ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿರ್ತಾರೆ, ಇಬ್ಬನಿ ಬಿದ್ರೆ ಅದು ಪೇಸ್ಟ್ ಥರ ಆಗತ್ತೆ, ಇಳಿಯುವಾಗ ಜೀವ ಬಾಯಿಗೆ ಬರತ್ತೆ. ಆಷಾಢದಲ್ಲಿ ನಾನು ಬರಿಗಾಲಲ್ಲೇ ಹತ್ತಿದ್ದು, ಭಕ್ತಿನೂ ಆಯ್ತು ಗ್ರಿಪ್ಪೂ ಸಿಕ್ತು. ನಂದಿ ಹತ್ರ ಉಸಿರು ಬಿಡ್ತಾ ಕೂತ್ರೆ ಕೆಳಗಡೆ ಊರು ಪೂರ್ತಿ ಕಾಣತ್ತೆ, ನನ್ನ ಆಫೀಸಿನ ದಾರಿ ಬೆರಳಗಲ.

ಈಗ ಚಾರ್ಮಾಡಿ. ಇದೇ ಶೂನ ನಿಜವಾದ ಪರೀಕ್ಷೆ, ನಂದೂ.

ಅಕ್ಕನ ಮನೆ ಮೂಡಿಗೆರೆ. ಅಲ್ಲಿಂದ ವರ್ಷಾ ವರ್ಷಾ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗ್ತಾರೆ, ಬೆಂಗಳೂರು, ಹಾಸನ, ಚಿಕ್ಕಮಗಳೂರು ಎಲ್ಲಾ ಕಡೆಯಿಂದ ಜನ ವಾರಗಟ್ಟಲೆ ನಡ್ಕೊಂಡು ಬಂದು ಚಾರ್ಮಾಡಿ ಘಾಟಿಯಲ್ಲಿ ಇಳೀತಾರೆ. ನಾವು ಮೂಡಿಗೆರೆಯಿಂದ ಮಾತ್ರ, ಅರವತ್ತು ಚಿಲ್ಲರೆ ಕಿ.ಮೀ., ಎರಡು ದಿನ. 2025ರ ಶಿವರಾತ್ರಿ ಫೆಬ್ರವರಿ 26ಕ್ಕೆ ಬಿತ್ತು, ನಾವು ಎರಡು ದಿನ ಮುಂಚೆ ಬೆಳಗಿನ ಜಾವ ನಾಲ್ಕೂವರೆಗೆ ಟಾರ್ಚ್ ಹಿಡ್ಕೊಂಡು ಹೊರಟ್ವಿ. ಕಾಫಿ ತೋಟದ ವಾಸನೆ, ಚಳಿ, ಯಾರೋ ಮುಂದೆ ಭಜನೆ, ಹಿಂದೆ ಅಕ್ಕ ಸೊಸೆ ಬಗ್ಗೆ. ಕೊಟ್ಟಿಗೆಹಾರದಲ್ಲಿ ನೀರ್ದೋಸೆ. ಕಾರಲ್ಲಿ ಹೋದಾಗ ಆ ನೀರ್ದೋಸೆ ನಾಲ್ಕು ತಿಂದಿರೋದು, ಹದಿನೇಳು ಕಿ.ಮೀ. ನಡ್ಕೊಂಡು ಹೋಗಿ ತಿಂದಾಗ ಒಂಬತ್ತು. ಪ್ಲೇಟಿನ ಬಿಸಿ ಬೆರಳಿಗೆ ತಾಗ್ತಿದ್ದಂಗೆ ಬೆರಳು ಮರಗಟ್ಟಿತ್ತು ಅಂತ ಗೊತ್ತಾಯ್ತು.

ಅಲ್ಲಿಂದ ಇಳಿಜಾರು. ಹತ್ತೋದು ಕಷ್ಟ ಅಂತ ಎಲ್ರೂ ಅನ್ಕೊಂಡಿರ್ತಾರೆ, ಸುಳ್ಳು, ಇಳಿಯೋದೇ ಕಷ್ಟ. ಪ್ರತಿ ಹೆಜ್ಜೆಗೂ ಕಾಲು ಶೂ ಒಳಗೆ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಮುಂದಿನ ಗೋಡೆಗೆ ಟಕ್ ಟಕ್ ಅಂತ ಬಡಿಯತ್ತೆ. ಒಂದೆರಡ್ಸಲ ಆದ್ರೆ ಏನೂ ಇಲ್ಲ, ಇಪ್ಪತ್ತು ಕಿ.ಮೀ. ಇಳಿದ್ರೆ ಸಾವಿರಾರು ಸಲ. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಬರೋ ಹೊತ್ತಿಗೆ ಬಲಗಾಲಿನ ಹೆಬ್ಬೆರಳು ಧಗ ಧಗ. ಅಲ್ಲಿ ಕೂತು ಕುಯ್ಯೋ ಅಂತಿದ್ದಾಗ ಯಾವ್ದೋ ಕಾಲೇಜ್ ಹುಡುಗ, ಟ್ರೆಕ್ಕಿಂಗ್ ಹೋಗೋನಂತೆ, "ಆಂಟಿ ನಿಮ್ಮ ಲೇಸ್ ತಪ್ಪು" ಅಂದ. ಶೂನ ಮೇಲ್ಗಡೆ ಕೊನೇಲಿ ಯಾರೂ ಉಪಯೋಗಿಸದೇ ಇರೋ ಒಂದು ಎಕ್ಸ್‌ಟ್ರಾ ತೂತು ಇರತ್ತಲ್ಲ, ಅದು ಡಿಸೈನಿಗೆ ಅಂತ ಇಷ್ಟು ದಿನ ಅನ್ಕೊಂಡಿದ್ದೆ. ಅದರಲ್ಲಿ ಲೇಸ್ ಅದೇ ಕಡೆ ವಾಪಸ್ ತೂರಿಸಿ ಎರಡೂ ಕಡೆ ಸಣ್ಣ ಕುಣಿಕೆ ಮಾಡ್ಕೊಂಡು, ಎಡಗಡೆ ತುದೀನ ಬಲಗಡೆ ಕುಣಿಕೆಗೆ, ಬಲಗಡೇದನ್ನ ಎಡಗಡೆಗೆ ಹಾಕಿ ಎಳೆದು ಕಟ್ಟಿದ್ರೆ ಹಿಮ್ಮಡಿ ಹಿಂದಕ್ಕೆ ಲಾಕ್ ಆಗತ್ತೆ, ಕಾಲು ಮುಂದಕ್ಕೆ ಜಾರಲ್ಲ. ಮಾಡಿ ಎದ್ದು ನಾಲ್ಕು ಹೆಜ್ಜೆ ಹಾಕಿದೆ, ಕಣ್ಣಲ್ಲಿ ನೀರು ಬಂತು ಕಣ್ರೀ, ಅಷ್ಟು ಆರಾಮ. ಇಷ್ಟು ದೊಡ್ಡ ವಿಷಯಾನ ಬಾಕ್ಸ್ ಮೇಲೆ ಒಂದು ಚಿತ್ರ ಹಾಕಿ ಹೇಳ್ಬಾರ್ದಾ? ಅರ್ಧ ಸ್ಟಾರ್ ಇದಕ್ಕೆ ಕಟ್.

ದಾರಿಯುದ್ದಕ್ಕೂ ಜನ ಶಾಮಿಯಾನ ಹಾಕ್ಕೊಂಡು ಮಜ್ಜಿಗೆ, ಪಾನಕ, ಕಲ್ಲಂಗಡಿ ಹಿಡ್ಕೊಂಡು ನಿಂತಿರ್ತಾರೆ, ಬೇಡ ಅಂದ್ರೂ ಕೈಗೆ ತುರುಕ್ತಾರೆ. ಒಂದು ಕಡೆ ಕೊಬ್ಬರಿ ಎಣ್ಣೆ ಬಿಸಿ ಮಾಡಿಟ್ಕೊಂಡು ಕಾಲು ತಿಕ್ಕೋರೂ ಇದ್ರು, ನಮ್ಮ ಆಫೀಸಿನ ಬಾಸ್ ವಯಸ್ಸಿನವ್ರು, ಗೊತ್ತಿಲ್ದೋರ ಧೂಳು ಕಾಲು ತೊಡೆ ಮೇಲೆ ಇಟ್ಕೊಂಡು. ನನಗೆ ನಾಚಿಕೆಯಾಗಿ ಕಾಲು ಎಳ್ಕೊಂಡೆ. ಅಕ್ಕ ಎಳ್ಕೊಳ್ಲಿಲ್ಲ, ಎರಡೂ ಕಾಲು ಚಾಚಿದ್ಲು. ನಮ್ಮ ಗುಂಪಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಬರಿಗಾಲಲ್ಲಿ ಸೀರೆ ಎತ್ತಿ ಕಟ್ಟಿ ನಮಗಿಂತ ಒಂದು ಗಂಟೆ ಮುಂಚೆ ಊಟದ ಜಾಗ ಸೇರಿದ್ರು. ನನ್ನ ಶೂ ನೋಡಿ "ಇದು ಎಷ್ಟಮ್ಮ?" ಅಂದ್ರು. ಹೇಳಿದೆ. ಏನೂ ಮಾತಾಡ್ದೆ ಅನ್ನಕ್ಕೆ ಸಾರು ಹಾಕ್ಕೊಂಡ್ರು.

ಎರಡನೇ ದಿನ ಉಜಿರೆ ದಾಟಿ ನೇತ್ರಾವತಿ ಸ್ನಾನಘಟ್ಟದಲ್ಲಿ ಶೂ ಬಿಚ್ಚಿ ನೀರಲ್ಲಿ ಕಾಲಿಟ್ಟಾಗ ನೋಡಿದೆ, ಬಲಗಾಲ ಹೆಬ್ಬೆರಳ ಉಗುರು ನೇರಳೆ ಹಣ್ಣಿನ ಬಣ್ಣ. ಬೊಬ್ಬೆ ಒಂದೂ ಇಲ್ಲ ಮಾತ್ರ. ಅಕ್ಕನಿಗೆ ಆರು ಬೊಬ್ಬೆ, ಅವಳದ್ದು ನನ್ನದಕ್ಕಿಂತ ಡಬಲ್ ರೇಟಿನ ಶೂ, ಕಾಟನ್ ಸಾಕ್ಸು. ಉಗುರು ಎರಡು ವಾರಕ್ಕೆ ಬಿದ್ದೋಯ್ತು, ಈಗ ದಸರಾ ಹೊತ್ತಿಗೆ ಮುಕ್ಕಾಲು ಬಂದಿದೆ.

ಘಾಟಿಯಿಂದ ಬಂದ್ಮೇಲೆ ಶೂನ ಹಿಮ್ಮಡಿ ಒಳಗಿನ ಬಟ್ಟೆ ಹರಿದು ಪ್ಲಾಸ್ಟಿಕ್ ಹೊರಗೆ ಬಂತು. ಅಂಗಡಿಗೆ ತಗೊಂಡು ಹೋದ್ರೆ "ಹೊಸಾದು ತಗೊಳಿ ಮೇಡಂ, ಆಫರ್ ಇದೆ". ಮಾರ್ಕೆಟ್ ಹತ್ರ ಛತ್ರಿ ಕೆಳಗೆ ಕೂರೋ ಒಬ್ರು ಚಪ್ಪಲಿ ಹೊಲಿಯೋರ ಹತ್ರ ಹೋದೆ. ಅವ್ರ ಸರ್ವಿಸ್‌ಗೆ ಐದಕ್ಕೆ ಐದು, ಬರೆದಿಟ್ಕೊಳಿ. ಶೂ ಕೈಗೆ ತಗೊಂಡ್ರು, ಹರಿದಿದ್ದು ನೋಡ್ಲೇ ಇಲ್ಲ, ತಿರುಗಿಸಿ ಸೋಲು ನೋಡಿದ್ರು, ಬಲಗಡೆ ಶೂನ ಹೊರ ಅಂಚು ಹೆಬ್ಬೆರಳಲ್ಲಿ ಸವರಿ "ಬ್ಯಾಗು ಬಲಗಡೆ ಹಾಕ್ತೀರಾ?" ಅಂದ್ರು. ಹಾಕ್ತೀನಿ, ಟಿಫನ್ ಬಾಕ್ಸು, ನೀರಿನ ಬಾಟ್ಲು, ಫೈಲು ಎಲ್ಲಾ ಅದ್ರಲ್ಲೇ. "ದಿನ ಬಿಟ್ಟು ದಿನ ಎಡಗಡೆ ಹಾಕಿ, ಇನ್ನೂ ಆರು ತಿಂಗಳು ಬರತ್ತೆ". ಹಳೇ ರೆಕ್ಸಿನ್ ಬ್ಯಾಗಿನ ಚೂರು ಕತ್ತರಿಸಿ, ಅಂಚು ತೆಳ್ಳಗೆ ಕೆತ್ತಿ, ಒಳಗಡೆ ಕೂರಿಸಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದ್ರು, ಗಂಟು ಹೊರಗಡೆಗೆ ಬರೋ ಹಾಗೆ, ಒಳಗೆ ಇದ್ರೆ ಕಚ್ಚತ್ತೆ ಅಂತ. 60 ರೂಪಾಯಿ. ಮುಂದ್ಗಡೆ ಅಂಟು ಬಿಟ್ಟಿದ್ದಕ್ಕೆ ಇನ್ನೊಂದ್ಸಲ 80. ಹೊಸದಾಗಿ ಇದ್ದಾಗ ಇದ್ದದ್ದಕ್ಕಿಂತ ಈಗ ಹಿಮ್ಮಡಿ ಗಟ್ಟಿ ಹಿಡಿಯತ್ತೆ.

ದಸರಾ ದಿನಗಳ ಬಗ್ಗೆ ಹೇಳ್ದೇ ಇರೋಕಾಗಲ್ಲ. ಊರೆಲ್ಲಾ ಒನ್‌ವೇ, ಬ್ಯಾರಿಕೇಡು, ದೀಪ ನೋಡೋಕೆ ಬಂದ ಕಾರುಗಳು ಒಂದರ ಹಿಂದೆ ಒಂದು ಅಲ್ಲಾಡ್ದೇ ನಿಂತಿರ್ತವೆ, ನನಗೆ ಡ್ರಾಪ್ ಕೊಡ್ತೀನಿ ಅಂತಿದ್ದೋರೆಲ್ಲಾ ಅದರೊಳಗೆ. ನಾನು ದೀಪದ ಕೆಳಗೆ ಚುರುಮುರಿ ತಿನ್ಕೊಂಡು ಪಕ್ಕದಲ್ಲೇ ಹೋದೆ. ಒಬ್ರಿಗೆ ಕಿಟಕಿ ತಟ್ಟಿ ಟಾಟಾ ಮಾಡಿದೆ, ಇದು ಬೇಕಿರ್ಲಿಲ್ಲ, ಆದ್ರೂ ಮಾಡಿದೆ.

ದುಡ್ಡಿನ ಲೆಕ್ಕ ಕೇಳೋರಿಗೆ: ನನ್ನ ಗಾಡಿ ಲೀಟರಿಗೆ 45 ಕೊಡತ್ತೆ, ತಿಂಗಳಿಗೆ ಪೆಟ್ರೋಲ್ 450 ರೂಪಾಯಿ ಹತ್ರ ಉಳೀತು, ಹದಿನಾರು ತಿಂಗಳಿಗೆ 7,000 ಚಿಲ್ಲರೆ. ಶೂ, ಇನ್‌ಸೋಲು, ರಿಪೇರಿ, ಆರು ಜೊತೆ ಸಾಕ್ಸು ಎಲ್ಲಾ ಸೇರಿ 3,300 ಒಳಗೆ. ಉಳಿದಿದ್ದು ಎಲ್ಲಿ ಅಂದ್ರೆ ದಾರೀಲಿ ಒಂದು ಬೇಕರಿ ಇದೆ, ಬೆಳಿಗ್ಗೆ ಎಂಟೂವರೆಗೆ ದಿಲ್‌ಪಸಂದ್ ಬಿಸಿ ಬಿಸಿ ಬರತ್ತೆ. ಹಾಗಾಗಿ ತೂಕ ಎಷ್ಟು ಇಳೀತು ಅಂತ ಕೇಳ್ಬೇಡಿ.

ರೇಟಿಂಗು: ಐದಕ್ಕೆ ಮೂರೂವರೆ. ಇದೇ ಮಾಡೆಲ್ ಯಾರ್ದಾದ್ರೂ ಅಂಗಡೀಲಿ ಗಂಡಸರ 6 ಬೂದಿ ಬಣ್ಣ ಹಳೇ ಸ್ಟಾಕ್ ಇದ್ರೆ ತಿಳಿಸಿ, ಆದ್ರೆ ಮೊದ್ಲು ಸೋಲು ಒತ್ತಿ ನೋಡ್ತೀನಿ. ಇನ್ನೊಂದು, ಕುವೆಂಪುನಗರದ ಕಡೆ ಮನೆಗೇ ಬಂದು ಗಾಡಿ ನೋಡೋ ಮೆಕ್ಯಾನಿಕ್ ಯಾರಾದ್ರೂ ಗೊತ್ತಿದ್ರೆ ಹೇಳಿ. ನಿಂತು ನಿಂತು ಬ್ಯಾಟರಿ ಡೌನ್ ಆಗಿದೆ, ಕಿಕ್ಕರ್‌ಗೂ ಬಗ್ತಿಲ್ಲ, ತಳ್ಕೊಂಡು ಹೋಗೋಣ ಅಂದ್ರೆ ಹಿಂದಿನ ಟಯರಲ್ಲೂ ಗಾಳಿ ಇಲ್ಲ.